ರಾಜ್ಯೋತ್ಸವದ ಮಕ್ಕಳ ಕೋಣೆಗೆ ಹಳೆಯ ಟ್ಯಾಂಕ್ ಆಟ: ಬ್ಯಾಟಲ್‌ಝೋನ್ ಕಟ್ಟೋಣವೇ?

ಮಾಟುಂಗಾ_ಮಹಡಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದಲ್ಲಿ ರಾಜ್ಯೋತ್ಸವದ ದಿನ ಮಕ್ಕಳಿಗೆ ಅಂತ ಒಂದು ಕೋಣೆ ಬಿಟ್ಟುಕೊಡುತ್ತಾರೆ. ದೊಡ್ಡವರು ಸಭೆಯಲ್ಲಿ ಕೂತಿರುವಾಗ ಮಕ್ಕಳು ಅಲ್ಲಿ ಮೊಬೈಲ್ ನೋಡುತ್ತಾ ಇರುತ್ತಾರೆ. ಈ ಸಲ ಒಂದು ಹಳೆಯ ಆರ್ಕೇಡ್ ಆಟವನ್ನು (ನಾಣ್ಯ ಹಾಕಿ ದೊಡ್ಡ ಯಂತ್ರದ ಮುಂದೆ ಆಡುತ್ತಿದ್ದಂಥದ್ದು) ನಾವೇ ಕಟ್ಟಿ ಇಡಬೇಕು ಅಂತ ನನಗೆ ಬಹಳ ಆಸೆ.

ನನ್ನ ಮನಸ್ಸಿನಲ್ಲಿರುವುದು ಬ್ಯಾಟಲ್‌ಝೋನ್. ಅಟಾರಿ ಕಂಪನಿ 1980ರ ನವೆಂಬರ್‌ನಲ್ಲಿ ತಂದ ಆಟ. ಎಡ್ ರಾಟ್‌ಬರ್ಗ್ ಅದರ ಮುಖ್ಯ ರೂವಾರಿ. ಕಪ್ಪು ಪರದೆ, ಹಸಿರು ಗೆರೆಗಳು. ದೂರದಲ್ಲಿ ಬೆಟ್ಟದ ಸಾಲು, ಮೇಲೆ ಅರ್ಧಚಂದ್ರ, ಒಂದು ಕಡೆ ಹೊಗೆಯಾಡುವ ಜ್ವಾಲಾಮುಖಿ. ನಾವು ಟ್ಯಾಂಕಿನ ಒಳಗಿಂದ ಹೊರಗೆ ನೋಡುತ್ತೇವೆ. ಬಯಲಲ್ಲಿ ಅಲ್ಲಲ್ಲಿ ಪಿರಮಿಡ್, ಪೆಟ್ಟಿಗೆ. ಅವುಗಳ ಸಂದಿಯಿಂದ ಶತ್ರು ಟ್ಯಾಂಕ್ ಬರುತ್ತದೆ. ಅಷ್ಟೇ ಆಟ. ಆದರೆ ಆ ಬಯಲಿನ ಒಂಟಿತನ, ರೇಡಾರಿನ ಟಿಣ್ ಸದ್ದು, ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನುವ ಅಳುಕು, ಇವು ಇವತ್ತಿನ ದೊಡ್ಡ ಆಟಗಳಲ್ಲೂ ನನಗೆ ಸಿಕ್ಕಿಲ್ಲ.

ಪ್ರಶ್ನೆ ಇದು. ಲ್ಯಾಪ್‌ಟಾಪಿನಲ್ಲಿ ಹಾಕಿ ಕೀಬೋರ್ಡಿನಲ್ಲೇ ಆಡಿಸಿದರೆ ಸಾಕಾ? ಅಥವಾ ಅಸಲಿ ಯಂತ್ರದ ಹಾಗೆ ಎರಡು ಲಿವರ್ ಬೇಕೇ ಬೇಕಾ? ಪುಣೆ, ಗೋವಾ ಕಡೆಯವರೂ ಹೇಳಿ.

ಮುಲುಂಡ್_8ಬಿಟ್:
ಒಳ್ಳೆ ಯೋಚನೆ. ಆದರೆ ಆಟದ ಆಯ್ಕೆ ಬೇರೆ ಇರಲಿ ಅಂತ ನನ್ನ ವಾದ. ನಮ್ಮ ಪೀಳಿಗೆಯ ಮುಂಬೈ ಕನ್ನಡಿಗರಲ್ಲಿ ಯಾರನ್ನೇ ಕೇಳಿ, ಟ್ಯಾಂಕ್ ಗೇಮ್ ಅಂದರೆ ಇಟ್ಟಿಗೆ ಗೋಡೆ, ಕೆಳಗೆ ಹದ್ದಿನ ಗುರುತು. ಬ್ಯಾಟಲ್ ಸಿಟಿ. ನಾಮ್ಕೋ ಕಂಪನಿ 1985ರಲ್ಲಿ ಜಪಾನಿನ ಫ್ಯಾಮಿಕಾಮ್ ಅನ್ನುವ ಮನೆ ಯಂತ್ರಕ್ಕೆ ತಂದದ್ದು. ನಮಗೆ ಸಿಕ್ಕಿದ್ದು ಟಿವಿಗೆ ಚುಚ್ಚುವ ಆ ಅಗ್ಗದ ವಿಡಿಯೋ ಗೇಮ್ ಪೆಟ್ಟಿಗೆಗಳಲ್ಲಿ, ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟ ತುಂಬಿಕೊಂಡು.

ಅದರಲ್ಲಿ 35 ಹಂತ. ಪ್ರತಿ ಹಂತಕ್ಕೂ 20 ಶತ್ರು ಟ್ಯಾಂಕ್. ಇಟ್ಟಿಗೆ ಒಡೆಯುತ್ತದೆ, ಉಕ್ಕು ಒಡೆಯುವುದಿಲ್ಲ, ನೀರು ದಾಟುವುದಕ್ಕಾಗಲ್ಲ, ಮಂಜುಗಡ್ಡೆ ಮೇಲೆ ಜಾರುತ್ತದೆ. ಮೂರು ನಕ್ಷತ್ರ ಸಿಕ್ಕಿದರೆ ಉಕ್ಕೂ ಪುಡಿ. ಸಲಿಕೆ ಸಿಕ್ಕಿದರೆ ಹದ್ದಿನ ಸುತ್ತ ಸ್ವಲ್ಪ ಹೊತ್ತು ಉಕ್ಕಿನ ಗೋಡೆ. ಎಲ್ಲಕ್ಕಿಂತ ಮುಖ್ಯ, ಇಬ್ಬರು ಒಟ್ಟಿಗೆ ಆಡಬಹುದು. ಜೊತೆಗಾರನಿಗೆ ಗುಂಡು ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ನಿಂತಲ್ಲೇ ನಿಲ್ಲುತ್ತಾನೆ. ನಮ್ಮದೇ ಗುಂಡು ಹದ್ದಿಗೆ ಬಿದ್ದರೂ ಆಟ ಮುಗಿಯಿತು. ಮಕ್ಕಳೇ ನಕ್ಷೆ ಕಟ್ಟುವ ಸೌಲಭ್ಯವೂ ಇದೆ. ಕೋಣೆ ತುಂಬ ಮಕ್ಕಳಿರುವಾಗ ಒಬ್ಬನೇ ಆಡುವ ಬ್ಯಾಟಲ್‌ಝೋನ್ ಇಟ್ಟರೆ ಉಳಿದವರು ಏನು ಮಾಡಬೇಕು?

ಭೋಸರಿ_ಫಿಟ್ಟರ್:
ಅಲ್ರೀ, ಎರಡೂ ಒಳ್ಳೆಯ ಆಟಾನೇ. ಆದರೆ ಮಹಡಿಯವರು ಕೇಳಿದ್ದು ಲಿವರ್ ಬಗ್ಗೆ. ಅದಕ್ಕೆ ನಾನು ಉತ್ತರ ಕೊಡುತ್ತೇನೆ. ಲಿವರ್ ಬೇಕೇ ಬೇಕು. ಲಿವರ್ ಬಿಟ್ಟರೆ ಅದು ಬ್ಯಾಟಲ್‌ಝೋನ್ ಅಲ್ಲವೇ ಅಲ್ಲ.

ಯಾಕೆ ಅಂತ ಹೇಳ್ತೀನಿ. ಟ್ಯಾಂಕಿಗೆ ಕಾರಿನ ಹಾಗೆ ಸ್ಟೇರಿಂಗಿನಿಂದ ತಿರುಗುವ ಗಾಲಿ ಇಲ್ಲ. ಎರಡು ಕಡೆ ಎರಡು ಚೈನು. ಒಂದು ಚೈನು ಜೋರಾಗಿ, ಇನ್ನೊಂದು ನಿಧಾನ ಓಡಿದರೆ ಗಾಡಿ ತಿರುಗುತ್ತದೆ. ಮೆಟ್ರೋ ಕೆಲಸ ನಡೆಯುವಲ್ಲಿ ಮಣ್ಣು ಅಗೆಯುವ ಪೊಕ್ಲೇನ್ ಯಂತ್ರ ತಿರುಗಿಸುವವರನ್ನು ನೋಡಿ. ಎರಡು ಲಿವರ್ ಹಿಡಿದು ಒಂದನ್ನು ಮುಂದೆ, ಒಂದನ್ನು ಹಿಂದೆ ಮಾಡಿದರೆ ಅಷ್ಟು ದೊಡ್ಡ ಯಂತ್ರ ನಿಂತಲ್ಲೇ ತಿರುಗುತ್ತದೆ. ಬ್ಯಾಟಲ್‌ಝೋನ್‌ನಲ್ಲೂ ಅದೇ ಲೆಕ್ಕ. ಎರಡೂ ಮುಂದೆ ತಳ್ಳಿದರೆ ನೇರ. ಎರಡೂ ಎಳೆದರೆ ಹಿಂದಕ್ಕೆ. ಎಡದ್ದು ಮಾತ್ರ ತಳ್ಳಿದರೆ ಬಲಕ್ಕೆ ಬಾಗುತ್ತಾ ಮುಂದೆ. ಎಡ ಮುಂದೆ, ಬಲ ಹಿಂದೆ ಮಾಡಿದರೆ ಅಲ್ಲೇ ಗಿರಕಿ.

ಈ ಪದ್ಧತಿ ಅದಕ್ಕೂ ಹಳೆಯದು. 1974ರಲ್ಲಿ ಕೀ ಗೇಮ್ಸ್ ಕಂಪನಿ ತಂದ ಟ್ಯಾಂಕ್ ಅನ್ನುವ ಆಟದಲ್ಲೇ ಒಬ್ಬೊಬ್ಬರಿಗೆ ಎರಡೆರಡು ಲಿವರ್ ಇದ್ದವು. 1977ರಲ್ಲಿ ಅಟಾರಿಯ ಮನೆ ಯಂತ್ರಕ್ಕೆ ಕಾಂಬ್ಯಾಟ್ ಬಂದಾಗ ಒಂದೇ ಜಾಯ್‌ಸ್ಟಿಕ್ಕಿಗೆ ಇಳಿಸಿಬಿಟ್ಟರು. ಅಲ್ಲಿ ಕೈಗೆ ಇದ್ದ ಕೆಲಸ ಹೋಯಿತು.

ಇನ್ನೊಂದು ಒಳ್ಳೆ ಸುದ್ದಿ. ಅಸಲಿ ಯಂತ್ರದ ಲಿವರ್‌ನಲ್ಲಿ ಸೂಕ್ಷ್ಮ ಅಳತೆ ಏನೂ ಇಲ್ಲ. ಎಷ್ಟು ತಳ್ಳಿದೆ ಅಂತ ಅದು ನೋಡುವುದಿಲ್ಲ, ತಳ್ಳಿದೆಯೋ ಇಲ್ಲವೋ ಅಷ್ಟೇ. ಒಂದೊಂದು ಲಿವರ್‌ಗೆ ಎರಡು ಸ್ವಿಚ್, ಜೊತೆಗೆ ಗುಂಡಿನ ಬಟನ್. ಒಟ್ಟು ಐದೇ ಸ್ವಿಚ್! ಇದನ್ನು ನಮ್ಮ ಶೆಡ್‌ನಲ್ಲೇ ಮಾಡಿಕೊಡುತ್ತೇನೆ.

ಮಾಟುಂಗಾ_ಮಹಡಿ:
ಫಿಟ್ಟರ್ ಅಣ್ಣಾ, ಇದೇ ಮಾತಿಗೆ ಕಾಯುತ್ತಿದ್ದೆ. ಅಸಲಿ ಯಂತ್ರದಲ್ಲಿ ಆಡಿದವರು ಯಾರಾದರೂ ಇದ್ದೀರಾ? ನಾನು ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ ಮಾತ್ರ ಆಡಿದ್ದು.

ವಾಸ್ಕೋ_ಬಂದರು:
ನಾನು ಆಡಿದ್ದೇನೆ. ಊರು ಕಾರವಾರ, ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ಈಗ ವಾಸ್ಕೋದಲ್ಲಿ ನೆಲೆಸಿದವನು. ಎಂಬತ್ತರ ದಶಕದಲ್ಲಿ ಹೊರದೇಶದ ಒಂದು ಬಂದರಿನಲ್ಲಿ ನಾವಿಕರ ಕ್ಲಬ್ ಇತ್ತು. ಅಲ್ಲಿ ಈ ಯಂತ್ರ ಇಟ್ಟಿದ್ದರು.

ಮೊದಲು ಗಮನಕ್ಕೆ ಬರುವುದು ಪೆರಿಸ್ಕೋಪ್. ಪರದೆಯನ್ನು ನೇರವಾಗಿ ನೋಡುವ ಹಾಗಿಲ್ಲ. ಮುಖವನ್ನು ಒಂದು ಕಿಂಡಿಗೆ ಒತ್ತಿ ನೋಡಬೇಕು. ಕಣ್ಣಿಟ್ಟ ಕೂಡಲೇ ಸುತ್ತಲಿನ ಕ್ಲಬ್ ಮಾಯ. ಬರೀ ಹಸಿರು ಬಯಲು. ಮೇಲ್ಭಾಗದಲ್ಲಿ ಕೆಂಪು ಬಣ್ಣದಲ್ಲಿ ರೇಡಾರ್ ಮತ್ತು ಅಂಕ. ಪರದೆ ಅಸಲಿಗೆ ಕಪ್ಪು ಬಿಳುಪಿನದು. ಮುಂದೆ ಬಣ್ಣದ ಹಾಳೆ ಹಾಕಿದ್ದರು, ಅಷ್ಟೇ.

ಒಂದು ಸಲಕ್ಕೆ ಒಂದೇ ಗುಂಡು. ಅದು ತಾಗುವವರೆಗೆ ಅಥವಾ ಕಳೆದುಹೋಗುವವರೆಗೆ ಇನ್ನೊಂದು ಹೊಡೆಯಲು ಬರುವುದಿಲ್ಲ. ಹಾಗಾಗಿ ಸುಮ್ನೆ ಬಟನ್ ಕುಟ್ಟಿದರೆ ಏನೂ ಆಗದು. ಗುಂಡು ತಪ್ಪಿತು ಅಂದರೆ ಆ ಎರಡು ಕ್ಷಣ ನೀವು ಬರಿಗೈ. ಆಗ ಕೈ ತಾನಾಗಿಯೇ ಲಿವರ್ ಎಳೆದು ಪಿರಮಿಡ್ಡಿನ ಮರೆ ಹುಡುಕುತ್ತದೆ. ಗುಂಡು ತಿಂದರೆ ಮುಂದಿನ ಗಾಜೇ ಬಿರುಕು ಬಿಟ್ಟ ಹಾಗೆ ಪರದೆ ತುಂಬ ಗೆರೆ ಬೀಳುತ್ತದೆ. ಮೊದಲ ಸಲ ನಾನು ಮುಖ ಹಿಂದಕ್ಕೆ ಎಳೆದುಕೊಂಡಿದ್ದೆ.

ಸಾಮಾನ್ಯ ಟ್ಯಾಂಕಿಗೆ 1000 ಅಂಕ, ವೇಗದ ಸೂಪರ್ ಟ್ಯಾಂಕಿಗೆ 3000. ಮಧ್ಯೆ ಒಂದು ಕ್ಷಿಪಣಿ ಬರುತ್ತದೆ, 2000. ಅಂಕುಡೊಂಕಾಗಿ ಹಾರುತ್ತಾ ನಿಮ್ಮ ಮೇಲೇ ಬರುತ್ತದೆ. ಅದನ್ನು ಹೊಡೆಯಲು ಧೈರ್ಯ ಮಾಡಿ ನಿಂತು ಕಾಯಬೇಕು. ಹಾರುವ ತಟ್ಟೆ ಒಂದಿದೆ, ಅದು ಗುಂಡು ಹೊಡೆಯುವುದಿಲ್ಲ, ರೇಡಾರಿನಲ್ಲೂ ಕಾಣುವುದಿಲ್ಲ. ಹೊಡೆದರೆ 5000.

ಲಿವರ್ ವಿಷಯದಲ್ಲಿ ಫಿಟ್ಟರ್ ಹೇಳಿದ್ದು ಸರಿ. ನನ್ನ ಉಪಾಯ ಹೀಗಿತ್ತು. ಶತ್ರು ನನ್ನ ಕಡೆ ಮೂತಿ ತಿರುಗಿಸುತ್ತಿದ್ದ ಹಾಗೆ ಒಂದು ಲಿವರ್ ಮಾತ್ರ ಹಿಂದಕ್ಕೆ ಎಳೆಯುವುದು. ಬಾಗುತ್ತಾ ಹಿಂದೆ ಸರಿದಾಗ ಅವನ ಗುಂಡು ಪಕ್ಕದಲ್ಲಿ ಹೋಗುತ್ತದೆ, ನನ್ನ ನಳಿಗೆ ಅವನ ಮೇಲೆ ಬರುತ್ತದೆ. ಇದನ್ನು ಕೈ ಕಲಿಯುತ್ತದೆ. ಬಾಣದ ಗುರುತಿನ ಕೀಲಿಗಳಲ್ಲಿ ಈ ಕಲಿಕೆ ಬರುವುದಿಲ್ಲ.

ಕೋಥ್ರೂಡ್_ಕೋಡ್:
ಅಸಲಿ ಆಟದ ಹಕ್ಕು 2013ರಿಂದ ರೆಬೆಲಿಯನ್ ಅನ್ನುವ ಬ್ರಿಟಿಷ್ ಕಂಪನಿಯ ಬಳಿ ಇದೆ. ಸಂಘದ ಹೆಸರಿನಲ್ಲಿ ಸಾರ್ವಜನಿಕವಾಗಿ ಎಲ್ಲಿಂದಲೋ ಇಳಿಸಿದ ರಾಮ್ (ROM) ಫೈಲ್, ಅಂದರೆ ಅಸಲಿ ಆಟದ ನಕಲು, ಓಡಿಸುವುದು ನನಗೆ ಒಪ್ಪಿಗೆ ಇಲ್ಲ. ಅದೇ ಬಗೆಯ ಆಟವನ್ನು ನಾವೇ ಬರೆಯೋಣ. ಗೆರೆಗಳ ಆಟವಾದ್ದರಿಂದ ಇದು ಅಷ್ಟು ಕಷ್ಟ ಅಲ್ಲ. ನಾನು ಬರೆದುಕೊಡುತ್ತೇನೆ.

ಇದರ ಒಳಗಿನ ಲೆಕ್ಕ ನನಗೆ ತುಂಬಾ ಇಷ್ಟ, ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕೇಳಿ. ಪಿರಮಿಡ್ ಅಂದರೆ ಐದು ಬಿಂದು, ಎಂಟು ಗೆರೆ. ಪೆಟ್ಟಿಗೆ ಅಂದರೆ ಎಂಟು ಬಿಂದು, ಹನ್ನೆರಡು ಗೆರೆ. ನೀವು ಟ್ಯಾಂಕ್ ತಿರುಗಿಸಿದಾಗ ಪ್ರತಿ ಬಿಂದುವನ್ನೂ ಸೈನ್, ಕೊಸೈನ್ ಬಳಸಿ ತಿರುಗಿಸಬೇಕು. ಆಮೇಲೆ ಅದು ಎಷ್ಟು ದೂರ ಇದೆಯೋ ಅದರಿಂದ ಭಾಗಿಸಬೇಕು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು, ಅಷ್ಟೇ ಸೂತ್ರ. ಇವತ್ತಿನ ಮೊಬೈಲಿಗೆ ಇದು ಏನೇನೂ ಅಲ್ಲ.

ಆದರೆ 1980ರಲ್ಲಿ ಆ ಯಂತ್ರದ ಮಿದುಳು 6502 ಅನ್ನುವ ಚಿಪ್, 1.5 ಮೆಗಾಹರ್ಟ್ಸ್. ಅದಕ್ಕೆ ಕೂಡಿಸಿ ಕಳೆಯಲು ಬರುತ್ತದೆ. ಗುಣಿಸುವ ಆಜ್ಞೆಯೇ ಇಲ್ಲ! ಪ್ರತಿ ಗುಣಾಕಾರವನ್ನೂ ಕೂಡಿಸಿ ಕೂಡಿಸಿ ಮಾಡುತ್ತಾ ಕೂತರೆ ಟ್ಯಾಂಕ್ ಅಲ್ಲಾಡುವುದೇ ಇಲ್ಲ. ಅದಕ್ಕೆ ಅಟಾರಿಯವರು ಲೆಕ್ಕ ಮಾಡಲೆಂದೇ ಬೇರೆ ಒಂದು ಸರ್ಕ್ಯೂಟ್ ಕಟ್ಟಿದರು. ಹೆಸರು ಮ್ಯಾಥ್ ಬಾಕ್ಸ್. ಎಎಂಡಿ ಕಂಪನಿಯ 2901 ಚಿಪ್‌ಗಳು, ಒಂದೊಂದು ನಾಲ್ಕು ಬಿಟ್ಟಿನದು, ನಾಲ್ಕು ಸೇರಿ ಹದಿನಾರು ಬಿಟ್. 6502 ಸಂಖ್ಯೆಗಳನ್ನು ಅದಕ್ಕೆ ಕೊಡುತ್ತದೆ, ಅದು ಗುಣಿಸಿ ಭಾಗಿಸಿ ಉತ್ತರ ಕೊಡುತ್ತದೆ. 1981ರ ಟೆಂಪೆಸ್ಟ್ ಆಟದಲ್ಲೂ ಇದೇ ಬಗೆಯ ಲೆಕ್ಕದ ಪೆಟ್ಟಿಗೆ ಇದೆ.

ಪರದೆಯೂ ಆಗಿನ ಟಿವಿಯ ಹಾಗಲ್ಲ. ಆ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಮೇಲಿಂದ ಕೆಳಗೆ ಸಾಲು ಸಾಲಾಗಿ ಓಡುತ್ತಿತ್ತು. ವೆಕ್ಟರ್ ಪರದೆಯಲ್ಲಿ ಕಿರಣವೇ ಪೆನ್ನು. ಈ ಮೂಲೆಯಿಂದ ಆ ಮೂಲೆಗೆ ನೇರವಾಗಿ ಗೆರೆ ಎಳೆಯುತ್ತದೆ. ಓರೆ ಗೆರೆಯಲ್ಲಿ ಮೆಟ್ಟಿಲು ಮೆಟ್ಟಿಲು ಕಾಣುವುದೇ ಇಲ್ಲ. ನಮ್ಮ ಎಲ್‌ಇಡಿ ಪರದೆಯಲ್ಲಿ ಆ ಅಂದ ಪೂರ್ತಿ ಬರುವುದಿಲ್ಲ. ಗೆರೆಯ ಅಂಚು ಮೃದು ಮಾಡಿ, ಸುತ್ತ ಸ್ವಲ್ಪ ಹೊಳಪು ಕೊಟ್ಟರೆ ಹತ್ತಿರ ಬರುತ್ತದೆ.

ಜ್ವಾಲಾಮುಖಿಯ ಕಥೆಯೂ ಚೆಂದ. ಅದು ಉರಿಯಬೇಕು ಅಂತ ಓವೆನ್ ರೂಬಿನ್ ಅನ್ನುವ ಸಹೋದ್ಯೋಗಿ ರಾಟ್‌ಬರ್ಗ್ ಬೆನ್ನು ಬಿದ್ದಿದ್ದರು. ಕೊನೆಗೆ ತಾವೇ ಆ ಕೋಡ್ ಬರೆದುಕೊಟ್ಟರು. ಅಂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಷ್ಟು ಓಡಿಸಿದರೂ ಬೆಟ್ಟ ಹತ್ತಿರ ಬರುವುದಿಲ್ಲ. ಆದರೂ ಅಲ್ಲಿಗೆ ಹೋಗಬಹುದು, ಒಳಗೆ ಕೋಟೆ ಇದೆ ಅಂತ ಆಗಿನ ಹುಡುಗರು ಗಾಳಿಸುದ್ದಿ ಹಬ್ಬಿಸಿದ್ದರು. ನಮ್ಮ ಆಟದಲ್ಲೂ ಬೆಟ್ಟ ಇರಲೇಬೇಕು.

ಠಾಣೆ_ಅಕ್ಕ:
ನಾನು ಶಾಲೆಯಲ್ಲಿ ಕಲಿಸುತ್ತೇನೆ, ಆ ಕೋಣೆಯಲ್ಲಿ ಮಕ್ಕಳ ಜೊತೆ ಇರುವವಳೂ ನಾನೇ. ಒಂದು ಮಾತು ಕೇಳಲೇಬೇಕು. ಟ್ಯಾಂಕು, ಗುಂಡು, ಕ್ಷಿಪಣಿ. ದಿನಾ ಟಿವಿಯಲ್ಲಿ ನಿಜವಾದ ಯುದ್ಧ ನೋಡುತ್ತಿರುವ ಮಕ್ಕಳಿಗೆ ಹಬ್ಬದ ದಿನವೂ ಇದೇ ಬೇಕಾ? ವಿರೋಧ ಮಾಡುತ್ತಿಲ್ಲ. ಯೋಚನೆ ಮಾಡಿ ಮಾಡೋಣ ಅಂತ.

ವಾಸ್ಕೋ_ಬಂದರು:
ಅಕ್ಕಾ, ಕೇಳಬೇಕಾದ ಪ್ರಶ್ನೆಯೇ. ಈ ಆಟ ಮಾಡಿದವರಿಗೂ ಅದೇ ಪ್ರಶ್ನೆ ಎದುರಾಯಿತು. ಆಟ ಬಂದ ಸ್ವಲ್ಪ ದಿನಕ್ಕೇ ಅಮೆರಿಕದ ಸೇನೆಯ ಕಡೆಯವರು ಅಟಾರಿಗೆ ಬಂದರು. ಬ್ರಾಡ್ಲಿ ಅನ್ನುವ ಯುದ್ಧ ವಾಹನದ ಗನ್ನರ್‌ಗಳಿಗೆ ತರಬೇತಿ ಕೊಡಲು ಇದನ್ನು ಬದಲಿಸಿ ಕೊಡಿ ಅಂದರು. ರಾಟ್‌ಬರ್ಗ್‌ಗೆ ಅದು ಸುತರಾಂ ಇಷ್ಟ ಇರಲಿಲ್ಲ. ಮುಂದೆ ಇಂಥ ಸೇನೆಯ ಕೆಲಸ ತನಗೆ ಕೊಡಬಾರದು ಅಂತ ಮಾತು ತೆಗೆದುಕೊಂಡು ಆಮೇಲೆ ಮಾಡಿಕೊಟ್ಟರು. 1981ರಲ್ಲಿ ಬಂದ ಆ ಬ್ರಾಡ್ಲಿ ಟ್ರೇನರ್ ಯಂತ್ರ ಎರಡೇ ಎರಡು ತಯಾರಾಯಿತು.

ಅದರಲ್ಲಿ ಏನು ಬದಲಾಯಿತು ನೋಡಿ. ಎರಡು ಲಿವರ್ ತೆಗೆದುಹಾಕಿದರು. ಗಾಡಿ ಓಡುವುದಿಲ್ಲ, ನಿಂತಲ್ಲೇ ಗುರಿ ಇಟ್ಟು ಹೊಡೆಯುವುದು. ಸೇನೆಗೆ ಬೇಕಿದ್ದದ್ದು ಗುರಿ. ನಮಗೆ ಬೇಕಿರುವುದು ಓಡಿಸುವ ಕಲೆ. ಹಾಗಾದರೆ ನಮ್ಮ ಆಟದಲ್ಲಿ ಗುರಿಯನ್ನೇ ಬದಲಿಸಬಹುದು. ಗುಂಡಿನ ಬದಲು ಬೇರೇನಾದರೂ ಇರಲಿ. ಲಿವರ್, ಬಯಲು, ರೇಡಾರ್ ಇದ್ದರೆ ಸಾಕು.

ಮುಲುಂಡ್_8ಬಿಟ್:
ಗುಂಡೇ ಇಲ್ಲದ ಟ್ಯಾಂಕ್ ಆಟ ನನಗೆ ಒಪ್ಪಿಗೆ ಆಗುತ್ತಿಲ್ಲ. ಆ ಒಂದೇ ಗುಂಡಿನ ನಿಯಮವೇ ಆಟಕ್ಕೆ ಬಿಗಿ ಕೊಡುವುದು ಅಂತ ನೀವೇ ಬರೆದಿದ್ದೀರಿ. ಅದನ್ನು ತೆಗೆದರೆ ಬರೀ ಓಡಾಟ. ಈ ಆಟಗಳಲ್ಲಿ ರಕ್ತ ಇಲ್ಲ, ಮನುಷ್ಯರ ಮುಖ ಇಲ್ಲ. ಗೆರೆಗಳು ಚದುರಿ ಬೀಳುತ್ತವೆ, ಅಷ್ಟೇ. ಮತ್ತೆ ನನ್ನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಒಬ್ಬ ಆಡುವಾಗ ಉಳಿದವರು?

ಠಾಣೆ_ಅಕ್ಕ:
ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಎರಡು ಲಿವರ್ ಇದೆಯಲ್ಲ, ಇಬ್ಬರು ಮಕ್ಕಳಿಗೆ ಒಂದೊಂದು ಕೊಡೋಣ. ಎಡದ ಚೈನು ಒಬ್ಬಳದು, ಬಲದ ಚೈನು ಇನ್ನೊಬ್ಬನದು. ಇಬ್ಬರೂ ಒಟ್ಟಿಗೆ ತಳ್ಳದಿದ್ದರೆ ಗಾಡಿ ನೇರ ಹೋಗುವುದೇ ಇಲ್ಲ. ಮೂರನೆಯ ಮಗು ರೇಡಾರ್ ನೋಡುತ್ತಾ ಕೂಗಿ ಹೇಳಬೇಕು. ಎಡಕ್ಕೆ, ಬಲಕ್ಕೆ, ಹಿಂದೆ, ನಿಲ್ಲಿ, ಹೊಡಿ.

ನಮ್ಮ ಮಕ್ಕಳಿಗೆ ಕನ್ನಡ ಅರ್ಥ ಆಗುತ್ತದೆ. ಆದರೆ ಉತ್ತರ ಬರುವುದು ಹಿಂದಿಯಲ್ಲಿ, ಮರಾಠಿಯಲ್ಲಿ. ಕೂತು ಮಾತಾಡು ಅಂದರೆ ನಾಚುತ್ತಾರೆ. ಆಟದ ಬಿಸಿಯಲ್ಲಿ ಕೂಗುವಾಗ ನಾಚಿಕೆಗೆ ಸಮಯ ಇರುವುದಿಲ್ಲ. ರೇಡಾರ್ ಮಗು ಕನ್ನಡದಲ್ಲೇ ಕೂಗಬೇಕು ಅನ್ನುವುದೊಂದೇ ನಿಯಮ ಇಡೋಣ. ಇಷ್ಟು ಆಗುವುದಾದರೆ ಗುಂಡು ಇರಲಿ, ನನ್ನ ತಕರಾರು ಇಲ್ಲ.

ಮುಲುಂಡ್_8ಬಿಟ್:
ಅಕ್ಕಾ, ಇದಕ್ಕೆ ನನ್ನ ಪೂರ್ತಿ ಬೆಂಬಲ. ಬ್ಯಾಟಲ್ ಸಿಟಿಯಲ್ಲಿ ಇಬ್ಬರು ಪಕ್ಕಪಕ್ಕ ಇದ್ದರೂ ಟ್ಯಾಂಕ್ ಬೇರೆ ಬೇರೆ. ಇಲ್ಲಿ ಒಂದೇ ಟ್ಯಾಂಕ್ ಮೂವರದು. ಇದು ಹೆಚ್ಚು ಚೆನ್ನಾಗಿದೆ. ಆ ದಿನ ಸಾಲು ನೋಡಿಕೊಳ್ಳುವ ಕೆಲಸ ನನಗಿರಲಿ.

ಕೋಥ್ರೂಡ್_ಕೋಡ್:
ಹಾಗಾದರೆ ರೇಡಾರ್ ಬೇರೆ ಪರದೆಯಲ್ಲಿ ಹಾಕುತ್ತೇನೆ, ಓಡಿಸುವವರಿಗೆ ಕಾಣದ ಹಾಗೆ. ಅಸಲಿ ಆಟದಲ್ಲಿ ಶತ್ರು ಹತ್ತಿರ ಬಂದ, ಎಡಗಡೆ ಇದ್ದಾನೆ, ಏನೋ ಅಡ್ಡ ಬಂದಿದೆ ಅಂತೆಲ್ಲ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರಹ ಬರುತ್ತಿತ್ತು. ಅದನ್ನೂ ಕನ್ನಡದಲ್ಲಿ ಕೊಡೋಣ. ಅಲ್ಲೊಂದು ಸ್ವಾರಸ್ಯ ಇದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ನಾಲ್ಕೈದು ನೇರ ಗೆರೆಯಲ್ಲಿ ಬರೆಯಬಹುದು. ನಮ್ಮ ಅಕ್ಷರ ದುಂಡು. ಒಂದು ತಲೆಕಟ್ಟಿಗೇ ಮೂರು ತುಂಡು ಗೆರೆ ಬೇಕು. ಎಡ, ಬಲ, ಶತ್ರು, ಅಡ್ಡಿ, ಇಷ್ಟೇ ಪದ ಸಾಕು. ಅಕ್ಷರಗಳ ಚಿತ್ರ ಬರೆಯಲು ಯಾರಾದರೂ ಕೈಜೋಡಿಸುತ್ತೀರಾ? ಚೌಕುಳಿ ಹಾಳೆಯ ಮೇಲೆ ಬರೆದು ಫೋಟೋ ಕಳಿಸಿದರೂ ಆಗುತ್ತದೆ.

ಮಾಟುಂಗಾ_ಮಹಡಿ:
ಅಕ್ಷರ ನಾನು ಬರೆಯುತ್ತೇನೆ. ಪೆರಿಸ್ಕೋಪ್ ಮಾಡೋಣವಾ?

ವಾಸ್ಕೋ_ಬಂದರು:
ಬೇಡ ಅಂತ ನನ್ನ ಅಭಿಪ್ರಾಯ. ಒಬ್ಬರ ಮುಖ ಇಟ್ಟಲ್ಲಿ ಇನ್ನೊಬ್ಬರು ಮುಖ ಇಡಬೇಕು, ಮಕ್ಕಳ ಎತ್ತರವೂ ಒಂದೇ ಇರುವುದಿಲ್ಲ. ಇಬ್ಬರು ಒಟ್ಟಿಗೆ ನೋಡಲೂ ಆಗದು. ಅಟಾರಿಯೇ ಸಣ್ಣ ಗಾತ್ರದ ಕ್ಯಾಬಿನೆಟ್ ಮಾಡಿದಾಗ ಪೆರಿಸ್ಕೋಪ್ ಬಿಟ್ಟಿತ್ತು. ಕೋಣೆಯ ದೀಪ ಕಡಿಮೆ ಮಾಡಿ, ಪರದೆಯ ಸುತ್ತ ಕಪ್ಪು ರಟ್ಟು ಕಟ್ಟಿ. ಸಾಕು.

ಭೋಸರಿ_ಫಿಟ್ಟರ್:
ಸರಿ, ಈಗ ಸಾಮಾನಿನ ಮಾತು. ಲಿವರ್‌ಗೆ ಮುಕ್ಕಾಲು ಇಂಚಿನ ಎಂಎಸ್ (ಮೆದು ಉಕ್ಕಿನ) ಪೈಪು ನನ್ನ ಹತ್ತಿರ ಇದೆ. ಕೆಳಗೆ ಬೋಲ್ಟ್, ನೈಲಾನ್ ಬುಷ್. ತಾನಾಗಿ ನಡುವಿಗೆ ಮರಳಲು ಎರಡು ಕಡೆ ಸ್ಪ್ರಿಂಗ್. ಬೈಕಿನ ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್ ಮಕ್ಕಳ ಕೈಗೆ ಗಟ್ಟಿಯಾಗುತ್ತದೆ. ಪುಣೆಯ ತಪ್ಕೀರ್ ಗಲ್ಲಿಗೆ ವೈರ್ ತರಲು ಹೋದಾಗ ಮೆತ್ತಗಿನದು ಹುಡುಕುತ್ತೇನೆ.

ಮಹಡಿಯವರೇ, ನೀವು ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ರೋಲರ್ ಇರುವ ಮೈಕ್ರೋ ಸ್ವಿಚ್ ತೆಗೆದುಕೊಳ್ಳಿ. ನಾಲ್ಕು ಬೇಕು, ಎಂಟು ತನ್ನಿ. ಮಕ್ಕಳ ಕೈಯಲ್ಲಿ ಮೊದಲು ಹೋಗುವುದು ಅದೇ. ಗುಂಡು ಹೊಡೆಯಲು ಒಂದು ದೊಡ್ಡ ಆರ್ಕೇಡ್ ಬಟನ್. ಜೊತೆಗೆ ಒಂದು ಯುಎಸ್‌ಬಿ ಎನ್‌ಕೋಡರ್ ಬೋರ್ಡ್, ಸ್ವಿಚ್ ಒತ್ತಿದ್ದು ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಹಾಗೆ ಕಾಣುತ್ತದೆ. ಬೆಸುಗೆ ಹಾಕುವ ಕೆಲಸ ಇಲ್ಲ, ವೈರ್ ಚುಚ್ಚಿದರೆ ಆಯಿತು.

ಗುಂಡಿನ ಬಟನ್ ಯಾವ ಲಿವರ್ ಮೇಲೆ ಅಂತ ಅಕ್ಕ ತೀರ್ಮಾನ ಮಾಡಲಿ. ಅಸಲಿಯಲ್ಲಿ ಬಲಗೈಗೆ ಇತ್ತು. ನಮ್ಮಲ್ಲಿ ರೇಡಾರ್ ಮಗುವಿಗೇ ಕೊಟ್ಟರೆ ಹೇಗೆ?

ಠಾಣೆ_ಅಕ್ಕ:
ಬೇಡ. ರೇಡಾರಿನವರ ಕೈಗೆ ಬಟನ್ ಕೊಟ್ಟರೆ ಅವರು ಕೂಗುವುದನ್ನು ಬಿಟ್ಟು ಒತ್ತುತ್ತಾ ಕೂರುತ್ತಾರೆ. ಬಲಗಡೆಯ ಲಿವರ್ ಮೇಲೇ ಇರಲಿ. ಮೂರು ಜೀವ ಮುಗಿದ ಮೇಲೆ ಜಾಗ ಬದಲಿಸಿಕೊಳ್ಳಲಿ, ಆಗ ಎಲ್ಲರಿಗೂ ಎಲ್ಲ ಕೆಲಸ ಸಿಗುತ್ತದೆ. ಪೈಪಿನ ತುದಿಗೆ ರಬ್ಬರ್ ಹಿಡಿ ಹಾಕಿ ಅಣ್ಣಾ, ಬೆರಳು ಸಿಕ್ಕಿಕೊಳ್ಳುವ ಸಂದು ಎಲ್ಲೂ ಇರಬಾರದು.

ಭೋಸರಿ_ಫಿಟ್ಟರ್:
ಆಗಲಿ ಅಕ್ಕಾ. ಕೆಳಗೆ ಪ್ಲೈವುಡ್ ಪೆಟ್ಟಿಗೆ ಮುಚ್ಚಿಯೇ ಕೊಡುತ್ತೇನೆ, ಸ್ಪ್ರಿಂಗ್ ಹೊರಗೆ ಕಾಣುವುದಿಲ್ಲ. ಪೆಟ್ಟಿಗೆಯನ್ನು ಮೇಜಿಗೆ ಸಿ ಕ್ಲ್ಯಾಂಪ್ ಹಾಕಿ ಬಿಗಿಯಬೇಕು, ಇಲ್ಲದಿದ್ದರೆ ಮಕ್ಕಳು ಎಳೆಯುವ ಎಳೆತಕ್ಕೆ ಪೆಟ್ಟಿಗೆಯೇ ಮಡಿಲಿಗೆ ಬರುತ್ತದೆ. ಸಂಘದ ಮೇಜಿನ ಹಲಗೆ ಎಷ್ಟು ದಪ್ಪ ಇದೆ ಅಂತ ಅಳೆದು ಹೇಳಿ, ಅದಕ್ಕೆ ತಕ್ಕ ಕ್ಲ್ಯಾಂಪ್ ತರುತ್ತೇನೆ.